ಹೆಸರನ್ನು ಬಲ್ಲೆವು, ಗಿಡವನ್ನು ಅರಿಯೆವು

ಭಾದ್ರಪದ ಶುದ್ಧ ಚೌತಿಯಂದು ಗಣಪತಿಗೆ ಅರ್ಪಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ವಿಷ್ಣುಕ್ರಾಂತಿಯೂ ಒಂದು. ಹಬ್ಬದ ಹಿಂದಿನ ಸಂಜೆ ರಾಯಚೂರಿನ ಪೇಟೆಯಲ್ಲಿ ಪತ್ರೆಯ ಕಟ್ಟುಗಳು ಮಾರಾಟಕ್ಕೆ ಬರುತ್ತವೆ. ಅಂತಹದೊಂದು ಕಟ್ಟನ್ನು ನಾವು ಒಮ್ಮೆ ಕೊಂಡುತಂದು ಬಿಡಿಸಿ ನೋಡಿದೆವು. ಬಿಲ್ವವಿತ್ತು, ಗರಿಕೆಯಿತ್ತು, ಎಕ್ಕೆಯಿತ್ತು, ದತ್ತೂರಿಯಿತ್ತು, ಉತ್ತರಣೆಯೂ ಇತ್ತು. ವಿಷ್ಣುಕ್ರಾಂತಿ ಮಾತ್ರ ಇರಲಿಲ್ಲ. ಪೂಜೆಯಲ್ಲಿ ಅದರ ಸರದಿ ಬಂದಾಗ ಕೈಗೆ ಸಿಕ್ಕ ಮತ್ತಾವುದೋ ಎಲೆ ಪೀಠದ ಮೇಲೆ ಬಿದ್ದಿತು. ಸೋಜಿಗದ ಸಂಗತಿಯೇನೆಂದರೆ, ಅದೇ ದಿನ ಬೆಳಗ್ಗೆ ಊರಿನ ಅಂಚಿನ ಗರಸು ನೆಲದಲ್ಲಿ, ದನಗಳು ಓಡಾಡುವ ದಾರಿಯ ಪಕ್ಕದಲ್ಲಿಯೇ, ಆ ಗಿಡದ ನೂರಾರು ನೀಲಿ ಹೂಗಳು ಅರಳಿ ನಿಂತಿದ್ದುದನ್ನು ನಾವು ಕಂಡು ಬಂದಿದ್ದೆವು. ಹೆಸರು ನಮ್ಮ ನಾಲಗೆಯ ಮೇಲಿದೆ, ಗಿಡ ನಮ್ಮ ಕಾಲ ಕೆಳಗಿದೆ, ಎರಡಕ್ಕೂ ಪರಿಚಯವಾಗಿಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು ಇಷ್ಟೇ. ರಾಯಚೂರು, ದೇವದುರ್ಗ, ಮಾನ್ವಿಗಳ ಶಾಲೆ ಕಾಲೇಜುಗಳ ಆವರಣದಲ್ಲಿಯೂ ಮನೆಗಳ ಅಂಗಳದಲ್ಲಿಯೂ ನೆಲವನ್ನು ಮುಚ್ಚಲು ಹೊರಗಿನಿಂದ ತರಿಸಿದ ಹುಲ್ಲುಹಾಸಿಗೆ ಬದಲಾಗಿ ಈ ಗಿಡವನ್ನು ಬೆಳೆಸಬೇಕು. ಬೆಳೆಸುವ ಉತ್ಸಾಹದಲ್ಲಿ ಅದನ್ನು ಗುಡ್ಡದಿಂದ ಬೇರುಸಹಿತ ಕಿತ್ತು ತರಬಾರದು. ಎರಡನೆಯ ಮಾತು ಮೊದಲನೆಯದಕ್ಕಿಂತ ಮುಖ್ಯವೆಂದೇ ನಮ್ಮ ಅಭಿಪ್ರಾಯ.

ವಿಷ್ಣುಕ್ರಾಂತಿಯು ನೆಲಕ್ಕೆ ಅಂಟಿದಂತೆ ಹರಡುವ ಬಹುವಾರ್ಷಿಕ ಮೂಲಿಕೆ. ಕಟ್ಟಿಗೆಯಂತೆ ಗಟ್ಟಿಯಾದ ಒಂದು ಬೇರುಬುಡದಿಂದ ಹತ್ತಾರು ತೆಳುವಾದ ಕಡ್ಡಿಗಳು ಚಕ್ಕಡಿಯ ಗಾಲಿಯ ಅರಗಳಂತೆ ಸುತ್ತಲೂ ಚಾಚುತ್ತವೆ. ಒಂದೊಂದು ಕಡ್ಡಿ ಸಾಮಾನ್ಯವಾಗಿ ಗೇಣುದ್ದ. ನೆಲ ಒಪ್ಪಿದರೆ ಇನ್ನೂ ಉದ್ದ. ಎಲೆಗಳು ಚಿಕ್ಕವು, 1ರಿಂದ 2 ಸೆಂಟಿಮೀಟರಿನಷ್ಟು. ಕಡ್ಡಿಯ ಮೇಲೂ ಎಲೆಯ ಮೇಲೂ ರೇಷ್ಮೆಯಂತಹ ರೋಮಗಳ ಹೊದಿಕೆಯಿರುವುದರಿಂದ ಗಿಡವೆಲ್ಲ ಬೂದಿ ಬೆರಸಿದ ಹಸುರಾಗಿ ಕಾಣುತ್ತದೆ. ಎಲೆಯ ಕಂಕುಳಿನಿಂದ ಕೂದಲೆಳೆಯಂತಹ ತೊಟ್ಟಿನ ಮೇಲೆ ಹೂ ಏಳುತ್ತದೆ. ಅದರ ಅಗಲ 1 ಸೆಂಟಿಮೀಟರಿಗಿಂತ ಕಡಿಮೆ. ಬಣ್ಣ ಮಳೆಗಾಲ ಕಳೆದ ಮೇಲಿನ ಆಕಾಶದ ತಿಳಿನೀಲಿ, ನಡುವೆ ಒಂದು ಬಿಳಿಯ ಕಣ್ಣು. ಬೆಳಗ್ಗೆ ಬಿಸಿಲೇರುತ್ತಿರುವಂತೆ ಅರಳಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಪ್ರತಿಯೊಂದು ಹೂವಿನ ಬಾಳು ಅಷ್ಟೇ. ಆದರೆ ಮರುದಿನದ ಹೂಗಳು ಮೊಗ್ಗಾಗಿ ಕಾದಿರುತ್ತವೆ. ಮಧ್ಯಾಹ್ನ ನೋಡಿದವರಿಗೆ ಅದೊಂದು ಸಾಧಾರಣ ಕಳೆ. ಬೆಳಗ್ಗೆ ನೋಡಿದವರಿಗೆ ಬೇರೆಯೇ ವಸ್ತು.

ಸ್ವೀಡನ್ನಿನ ಲಿನೇಯಸನು 1753ರಲ್ಲಿ ಈ ಗಿಡವನ್ನು ಕನ್ವಾಲ್ವುಲಸ್ ಎಂಬ ಜಾತಿಯಲ್ಲಿ ಸೇರಿಸಿದ್ದನು. 1762ರಲ್ಲಿ ತಾನೇ ಅದನ್ನು ಅಲ್ಲಿಂದ ತೆಗೆದು ಇವಾಲ್ವುಲಸ್ ಜಾತಿಗೆ ವರ್ಗಾಯಿಸಿದನು. ಇವಾಲ್ವುಲಸ್ ಆಲ್ಸಿನಾಯ್ಡಿಸ್ ಎಂಬುದೇ ಇಂದಿಗೂ ಅದರ ಶಾಸ್ತ್ರೀಯ ನಾಮ. ಲ್ಯಾಟಿನ್ನಿನಲ್ಲಿ ಮೊದಲನೆಯ ಹೆಸರಿನ ಮೂಲಕ್ಕೆ ಸುತ್ತಿಕೊಳ್ಳುವುದೆಂದೂ ಎರಡನೆಯದಕ್ಕೆ ಬಿಚ್ಚಿಕೊಳ್ಳುವುದೆಂದೂ ಅರ್ಥ. ಗೆಣಸು, ಕಾಮಲತೆ ಮೊದಲಾದವು ಸೇರಿರುವ ಈ ಕುಟುಂಬದಲ್ಲಿ ಬಹುಮಂದಿ ಬಳ್ಳಿಗಳು. ಆಸರೆ ಸಿಕ್ಕಿದರೆ ಸುತ್ತಿ ಏರುವವು. ವಿಷ್ಣುಕ್ರಾಂತಿಯಾದರೋ ಯಾವುದನ್ನೂ ಸುತ್ತುವುದಿಲ್ಲ, ಏರುವುದಿಲ್ಲ. ನೆಲದ ಮೇಲೆ ಬಿಚ್ಚಿಕೊಂಡು ಮಲಗುತ್ತದೆ. ತೋಟಗಾರನಿಗೆ ಬೇಕಾದ ಗುಣವೂ ಇದೇ: ಪಕ್ಕದ ಮಲ್ಲಿಗೆಯ ಕುತ್ತಿಗೆಯನ್ನು ಇದು ಬಿಗಿಯುವುದಿಲ್ಲ. ಲಿನೇಯಸನಿಗಿಂತ ಮುಂಚೆ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥದಲ್ಲಿ ಡಚ್ ಅಧಿಕಾರಿ ವಾನ್ ರೀಡನು ಮಲೆಯಾಳದ ಈ ಗಿಡವನ್ನು ವಿಷ್ಣುವಿನ ಹೆಸರಿನಿಂದಲೇ ದಾಖಲೆ ಮಾಡಿಸಿದ್ದನು. ವಿಷ್ಣುವಿನ ಹೆಸರು ನಮ್ಮ ಸೀಮೆಗೂ ಹೊಸದಲ್ಲ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಬ್ಯಾಗವಾಟ ಮಾನ್ವಿಯ ಸುತ್ತಿನವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಇದು ಸಸ್ಯಶಾಸ್ತ್ರವಲ್ಲವೆಂಬುದನ್ನು ನಾವು ಬಲ್ಲೆವು, ಮುಂದಕ್ಕೆ ಹೋಗೋಣ.

ಈಗ ನಮ್ಮ ಉದ್ಯಾನಗಳನ್ನು ನೋಡೋಣ. ಹೊಸದಾಗಿ ಕಟ್ಟಿದ ಕಚೇರಿಯಾಗಲಿ ಕಾಲೇಜಾಗಲಿ, ಮುಂಭಾಗದಲ್ಲಿ ಒಂದು ಹುಲ್ಲುಹಾಸು ಇರಲೇಬೇಕೆಂಬ ನಿಯಮವನ್ನು ಯಾರು ಮಾಡಿದರೋ! ನರ್ಸರಿಗಳಲ್ಲಿ ‘ಮೆಕ್ಸಿಕನ್ ಹುಲ್ಲು’ ಎಂದು ಮಾರುವುದು ಜಾಯ್ಸಿಯ ಎಂಬ ಹುಲ್ಲು. ಅದರ ತವರು ಮೆಕ್ಸಿಕೋ ಅಲ್ಲವೇ ಅಲ್ಲ, ಪೂರ್ವ ಏಷ್ಯ. ಹೆಸರಿನ ಗೊಂದಲ ಹಾಗಿರಲಿ, ಅದರ ಬಾಯಾರಿಕೆಯ ಲೆಕ್ಕವನ್ನು ಹಾಕಿ ನೋಡಬೇಕು. 1 ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಎತ್ತರ ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಉದ್ದ ಅಗಲ ಹತ್ತು ಹತ್ತು ಮೀಟರಿನ ಹಾಸೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ನೀರು ಎರೆದರೆ 500 ಲೀಟರ್ ಆಯಿತು. ನೂರು ದಿನದ ಬೇಸಗೆಗೆ 50,000 ಲೀಟರ್. ನಗರದಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ನಮ್ಮ ದೇಶದ ಯೋಜಕರು ಇಟ್ಟುಕೊಂಡಿರುವ ಅಳತೆ. ಅಂದಮೇಲೆ ಆ ಹುಲ್ಲುಹಾಸು ಕುಡಿಯುವುದು ಹೆಚ್ಚುಕಡಿಮೆ ನಾಲ್ವರ ಪಾಲಿನ ನೀರನ್ನು.

ಕೃಷ್ಣೆ ತುಂಗಭದ್ರೆಯರ ನಡುವಿನ ದೋಆಬ್‌ನಲ್ಲಿ ಕುಳಿತು ನೀರಿನ ಲೆಕ್ಕವೇಕೆ ಎಂದು ಕೇಳುವವರುಂಟು. ನದಿಗಳು ಹರಿಯುವುದು ಸೀಮೆಯ ಅಂಚಿನಲ್ಲಿ. ಕೊಡಗಳು ಸಾಲುಗಟ್ಟುವುದು ಊರಿನ ನಡುವೆ. ಇಲ್ಲಿ ವರ್ಷದ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು, ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರಿನೊಳಗೆ ಬಿದ್ದು ಮುಗಿಯುತ್ತದೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದು ನಮಗೆ ಸುದ್ದಿಯೇ ಅಲ್ಲ.

ಇಂತಹ ಬಿಸಿಲಿನಲ್ಲಿ ಬೋಳು ನೆಲವನ್ನು ಹಾಗೆಯೇ ಬಿಡುವುದೂ ಸರಿಯಲ್ಲ. ಗಾಳಿಯ ಉಷ್ಣತೆ 40 ಡಿಗ್ರಿಯಿರುವಾಗ ಒಣಗಿದ ಬೋಳು ಮಣ್ಣಿನ ಮೇಲ್ಮೈ 60 ಡಿಗ್ರಿ ಮುಟ್ಟುವುದುಂಟು. ಮಳೆಯ ಮೊದಲ ಹನಿಗಳು ಹೊಡೆದಾಗ ಅಂತಹ ಮಣ್ಣಿನ ಹುಡಿ ಸಿಡಿದು, ಹೆಪ್ಪುಗಟ್ಟಿ, ನೀರು ಇಂಗದೆ ಹರಿದುಹೋಗುತ್ತದೆ. ನೆಲಕ್ಕೆ ಹೊದಿಕೆ ಬೇಕು. ಯಾವ ಹೊದಿಕೆ ಎಂಬುದೇ ಪ್ರಶ್ನೆ.

ವಿಷ್ಣುಕ್ರಾಂತಿ ಈ ಬಿಸಿಲನ್ನು ಸಹಿಸುವ ಬಗೆಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲನೆಯದಾಗಿ ಅದರ ರೋಮಗಳು. ಅವು ಬೆಳಕಿನ ಒಂದಂಶವನ್ನು ಹಿಂದಕ್ಕೆ ಚೆಲ್ಲುತ್ತವೆ. ಎಲೆಗೆ ತಗುಲಿಕೊಂಡಂತೆ ತೆಳುವಾದ ನಿಶ್ಚಲ ಗಾಳಿಯ ಪದರವೊಂದನ್ನು ಹಿಡಿದಿಟ್ಟು, ಪತ್ರರಂಧ್ರಗಳಿಂದ ಹೊರಟ ನೀರಾವಿಯು ಬೀಸುಗಾಳಿಯೊಡನೆ ಒಮ್ಮೆಲೇ ಹಾರಿಹೋಗದಂತೆ ತಡೆಯುತ್ತವೆ. ಎಲೆ ಚಿಕ್ಕದಾದಷ್ಟೂ ಬೇಗನೆ ಶಾಖವನ್ನು ಕಳೆದುಕೊಳ್ಳುತ್ತದೆ. ಇನ್ನು ಗಿಡದ ಎತ್ತರ: ನೆಲದ ಸಮೀಪದಲ್ಲಿ ಗಾಳಿಯ ವೇಗ ಕಡಿಮೆ, ಆದುದರಿಂದ ಮಲಗಿದ ಗಿಡ ನಿಂತ ಗಿಡಕ್ಕಿಂತ ನಿಧಾನವಾಗಿ ಒಣಗುತ್ತದೆ. ಇವೆಲ್ಲವೂ ಸಾಲದೆ ಹೋದಾಗ ಕೊನೆಯ ಉಪಾಯವಿದೆ. ಗಿಡ ತನ್ನ ಕಡ್ಡಿ ಎಲೆಗಳನ್ನೆಲ್ಲ ಒಣಗಲು ಬಿಟ್ಟು, ಬೇರುಬುಡವೊಂದನ್ನೇ ಮಣ್ಣಿನೊಳಗೆ ಜೀವದಿಂದ ಇಟ್ಟುಕೊಂಡು ಕಾಯುತ್ತದೆ. ರೋಹಿಣಿಯೋ ಮೃಗಶಿರವೋ ಒಂದು ಹದಮಳೆ ಸುರಿದರೆ ಅದೇ ಬುಡದಿಂದ ಹೊಸ ಕಡ್ಡಿಗಳು ಹೊರಡುತ್ತವೆ.

ಇಲ್ಲಿಯೇ ನಮ್ಮ ಪ್ರತಿವಾದಿಗಳು ಎದ್ದು ನಿಲ್ಲುತ್ತಾರೆ. ಮೇ ತಿಂಗಳಲ್ಲಿ ಒಣಗಿ ಕಂದು ಬಣ್ಣಕ್ಕೆ ತಿರುಗುವ ಗಿಡವನ್ನು ಉದ್ಯಾನವೆಂದು ಕರೆಯುವುದು ಹೇಗೆ? ಆಕ್ಷೇಪಣೆ ನ್ಯಾಯವಾದುದೇ, ಅದನ್ನು ಮರೆಮಾಚುವುದು ಸರಿಯಲ್ಲ. ವಾರಕ್ಕೊಂದೆರಡು ಸಲ ಸ್ವಲ್ಪ ನೀರು ಚಿಮುಕಿಸಿದರೆ ಬೇಸಗೆಯಲ್ಲಿಯೂ ಕೊಂಚ ಹಸುರು ಉಳಿದೀತು, ಅಲ್ಲೊಂದು ಇಲ್ಲೊಂದು ಹೂವೂ ಬಿಟ್ಟೀತು. ಆದರೆ ಜುಲೈಯ ಸೊಬಗು ಮೇ ತಿಂಗಳಲ್ಲಿ ಬಾರದು. ನಮ್ಮ ಹೊಲಗಳು ಬೇಸಗೆಯಲ್ಲಿ ಕಂದು ಬಣ್ಣಕ್ಕೆ ತಿರುಗುವುದನ್ನು ನಾವು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಅಂಗಳಕ್ಕೆ ಮಾತ್ರ ಇಂಗ್ಲೆಂಡಿನ ಹವೆಯ ಬಣ್ಣ ಏಕೆ ಬೇಕು? ಅಲ್ಲಿ ತಿಂಗಳು ತಿಂಗಳೂ ಮಳೆಯುಂಟು, ಬಿಸಿಲು ಸೌಮ್ಯ. ಹುಲ್ಲುಹಾಸು ಅಲ್ಲಿ ಮಳೆಯ ಕೂಸು, ಇಲ್ಲಿ ನಲ್ಲಿಯ ಕೂಸು. ಇನ್ನೊಂದು ಕೊರತೆಯನ್ನೂ ಒಪ್ಪಿಕೊಳ್ಳುತ್ತೇವೆ: ವಿಷ್ಣುಕ್ರಾಂತಿಯ ಮೇಲೆ ದಿನವೂ ಓಡಾಡುವಂತಿಲ್ಲ, ಕಬಡ್ಡಿ ಆಡುವಂತಿಲ್ಲ. ಆಟದ ಬಯಲಿಗೆ ನಮ್ಮ ಗರಿಕೆಯೇ ಇದೆ. ಅದರ ಸಹನೆಗೆ ಎಣೆಯಿಲ್ಲ. ನಾವು ಮಾತನಾಡುತ್ತಿರುವುದು ನೋಡುವುದಕ್ಕೆಂದೇ ಇಟ್ಟ ನೆಲದ ವಿಷಯ: ಹೂಪಾತಿಯ ಅಂಚು, ಧ್ವಜಸ್ತಂಭದ ಕಟ್ಟೆ, ಕಾಲುದಾರಿಯ ಬದಿ, ಇಳಿಜಾರಿನ ಒಡ್ಡು.

ಹುಲ್ಲು ಬೇಡವೆಂದವರು ಇತ್ತೀಚೆಗೆ ವೆಡೀಲಿಯವನ್ನು ನೆಡುತ್ತಿದ್ದಾರೆ. ಹೊಳೆಯುವ ಹಸುರೆಲೆ, ಸೇವಂತಿಗೆಯ ತಮ್ಮನಂತಹ ಹಳದಿ ಹೂ. ನೆಟ್ಟ ಮೂರು ತಿಂಗಳಿಗೆ ನೆಲ ಕಾಣದು. ಆ ವೇಗವೇ ಅದರ ದೋಷ. ಮಧ್ಯ ಅಮೆರಿಕದ ಕಡೆಯ ಈ ಬಳ್ಳಿ ಪ್ರತಿಯೊಂದು ಗಿಣ್ಣಿನಲ್ಲಿಯೂ ಬೇರು ಬಿಡುತ್ತದೆ. ಕತ್ತರಿಸಿ ಎಸೆದ ತುಂಡು ನೀರಿಗೆ ಬಿದ್ದು ಸಾಗಿದರೆ ಸೇರಿದ ದಡದಲ್ಲಿ ಚಿಗುರುತ್ತದೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಸಂಘವು ಜಗತ್ತಿನ ಅತ್ಯಂತ ಹಾನಿಕರವಾದ ನೂರು ಆಕ್ರಮಣಶೀಲ ಜೀವಿಗಳ ಪಟ್ಟಿಯಲ್ಲಿ ಇದನ್ನು ಸೇರಿಸಿದೆ. ಕಾಲುವೆಗಳು ಜಾಲದಂತೆ ಹರಡಿರುವ ಮಾನ್ವಿಯಂತಹ ಕಡೆ ಇದನ್ನು ಅಂಗಳಕ್ಕೆ ತರುವುದೆಂದರೆ ಕಾಲುವೆಯ ದಡಗಳಿಗೆ ತರುವುದೆಂದೇ ಅರ್ಥ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ ಇಂದು ನಮ್ಮ ಯಾವ ಹೊಲದ ಬದುವನ್ನು ಬಿಟ್ಟಿದೆ? ಅದು ನಮಗೆ ತಿಳಿಯದೆ ಬಂದಿತು. ವೆಡೀಲಿಯವನ್ನು ಹಣ ಕೊಟ್ಟು ತರುತ್ತಿದ್ದೇವೆ.

ವಿಷ್ಣುಕ್ರಾಂತಿಯನ್ನೇ ಬೆಳೆಸೋಣವೆಂದು ಹೊರಟವರಿಗೂ ಒಂದು ಎಚ್ಚರಿಕೆಯನ್ನು ಹೇಳಬೇಕು. ನಾವೇ ಒಮ್ಮೆ ಆ ಹೆಸರು ಹೇಳಿ ನರ್ಸರಿಯೊಂದರಿಂದ ಹನ್ನೆರಡು ಸಸಿಗಳನ್ನು ತಂದೆವು. ಎಲೆ ದೊಡ್ಡದು, ಹೂ ಎರಡು ಸೆಂಟಿಮೀಟರಿನಷ್ಟು ಅಗಲ, ಗಿಡ ಮೊಣಕಾಲಿನತ್ತ ಎದ್ದು ನಿಲ್ಲುವಂತಹದು. ಒಳ್ಳೆಯ ಗೊಬ್ಬರದ ಪ್ರಭಾವವಿರಬಹುದೆಂದು ಎರಡು ತಿಂಗಳು ಹಿಗ್ಗಿದೆವು. ಆಮೇಲೆ ತಿಳಿದು ನಾಚಿದೆವು. ಅದು ಇವಾಲ್ವುಲಸ್ ಗ್ಲಾಮೆರೇಟಸ್, ಬ್ರೆಜಿಲಿನ ಕಡೆಯದು. ಅದೇನೂ ದುಷ್ಟ ಗಿಡವಲ್ಲ, ಚೆಲುವಾಗಿಯೇ ಇದೆ. ಕಡ್ಡಿ ನೆಟ್ಟರೆ ಸುಲಭವಾಗಿ ಬರುವುದರಿಂದ ಮಾರುವವರಿಗೂ ಅನುಕೂಲ. ಆದರೆ ಅದು ವಿಷ್ಣುಕ್ರಾಂತಿಯಲ್ಲ. ಇನ್ನೊಂದು ಸೋದರ ಗಿಡವುಂಟು, ಇವಾಲ್ವುಲಸ್ ನುಮ್ಯುಲೇರಿಯಸ್. ಅದೂ ಅಮೆರಿಕದಿಂದ ಬಂದುದೇ. ದುಂಡಗಿನ ಎಲೆ, ಬಿಳಿಯ ಹೂ, ಗಿಣ್ಣುಗಿಣ್ಣಿಗೂ ಬೇರು. ನಮ್ಮದು ಗಿಣ್ಣುಗಳಲ್ಲಿ ಬೇರೂರುವುದಿಲ್ಲ. ಒಂದು ಗಿಡಕ್ಕೆ ಒಂದೇ ಬುಡ. ಆದುದರಿಂದಲೇ ಅದು ಕೊಟ್ಟ ಜಾಗವನ್ನು ಮೀರಿ ಹೋಗುವುದಿಲ್ಲ, ನೆಲವನ್ನು ಮುಚ್ಚಬೇಕಾದರೆ ಸಸಿಗಳನ್ನು ಒತ್ತಾಗಿ, ಗೇಣಿಗೊಂದರಂತೆ, ಕೂರಿಸಬೇಕಾಗುತ್ತದೆ.

ಯಾವ ನೆಲದಲ್ಲಿ ಬೆಳೆಸಬೇಕೆಂಬುದು ಮುಂದಿನ ಮಾತು. ವಿಷ್ಣುಕ್ರಾಂತಿ ಮರಡಿಯ ಗಿಡ. ಕೆಂಪು ಮಣ್ಣು, ಗರಸು, ನೀರು ನಿಲ್ಲದ ಇಳಿಜಾರು, ಇಡೀ ದಿನದ ಬಿಸಿಲು ಇವು ಅದಕ್ಕೆ ಇಷ್ಟ. ಕೋಟೆಯ ಬೆಟ್ಟದ ಸುತ್ತಿನ ರಾಯಚೂರು ನಗರದಲ್ಲಿಯೂ ದೇವದುರ್ಗದ ಕಲ್ಲುಗುಡ್ಡಗಳ ಮಗ್ಗುಲಿನ ಮಸಾರಿ ನೆಲಗಳಲ್ಲಿಯೂ ಹೆಚ್ಚಿನ ಸಿದ್ಧತೆ ಬೇಕಿಲ್ಲ, ಗೊಬ್ಬರವೂ ಬೇಡ. ಗೊಬ್ಬರ ಹೆಚ್ಚಾದರೆ ಬೇರೆ ಕಳೆಗಳು ಎದ್ದು ಇದನ್ನು ನೆರಳಿನಲ್ಲಿ ಕೊಲ್ಲುತ್ತವೆ. ಎರೆಭೂಮಿಯಲ್ಲಿ ಕಷ್ಟ. ಎರೆಮಣ್ಣಿನ ಜೇಡಿ ನೀರುಂಡಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಅಂಗೈ ಇಳಿಯುವಷ್ಟು ಬಿರಿಯುತ್ತದೆ. ಬಿರುಕು ಬೇರನ್ನು ಹರಿಯುತ್ತದೆ, ಮಳೆಗಾಲದ ಕೆಸರು ಬುಡವನ್ನು ಕೊಳೆಸುತ್ತದೆ. ಅಂತಹ ಕಡೆ ಒಂದು ಗೇಣು ಎತ್ತರದ ಏರುಪಾತಿಯನ್ನು ಕಟ್ಟಿ, ಗರಸು, ಮರಳು, ಕೆಂಪು ಮಣ್ಣುಗಳನ್ನು ಸಮಸಮವಾಗಿ ತುಂಬಬೇಕು.

ಮಾನ್ವಿಯ ಸಂಗತಿ ಬೇರೆ. ತುಂಗಭದ್ರೆಯ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದ ಮೇಲೆ ಎಡದಂಡೆಯ ಕಾಲುವೆಯ ಕೆಳಗೆ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಜೊತೆಗೆ ತಗ್ಗುಗಳಲ್ಲಿ ಸವಳೂ ಜವಳೂ ತಲೆದೋರಿದವು. ಗದ್ದೆಯ ಮಗ್ಗುಲಿನ ಇಂತಹದೊಂದು ಅಂಗಳದಲ್ಲಿ ವಿಷ್ಣುಕ್ರಾಂತಿಯನ್ನು ಹಟದಿಂದ ನೆಟ್ಟು ಒಂದೇ ಮಳೆಗಾಲದಲ್ಲಿ ಎಲ್ಲವನ್ನೂ ಕಳೆದುಕೊಂಡ ಅನುಭವ ನಮಗಿದೆ. ಅಲ್ಲಿಗೆ ತಕ್ಕುದು ನೆಲಹಿಪ್ಪಲಿ, ಶಾಸ್ತ್ರೀಯವಾಗಿ ಫೈಲ ನೋಡಿಫ್ಲೋರ. ಅದೂ ನಮ್ಮ ನಾಡಿನದೇ. ಕಾಲುವೆ ಕೆರೆಗಳ ಅಂಚಿನಲ್ಲಿ ಚಾಪೆಯಂತೆ ಹಾಸಿರುತ್ತದೆ, ಬಿಳಿ ನಸುಗೆಂಪಿನ ಸಣ್ಣ ಹೂಗಳ ಗೊಂಚಲು ಹಿಪ್ಪಲಿಯ ಕಾಯಿಯನ್ನು ಹೋಲುತ್ತದೆ. ಗಿಣ್ಣುಗಳಲ್ಲಿ ಬೇರೂರುವ ಗಿಡವಾದುದರಿಂದ ಒಂದು ತುಂಡು ಸಾಕು. ಕಾಲ್ತುಳಿತವನ್ನೂ ತಕ್ಕಮಟ್ಟಿಗೆ ತಾಳುತ್ತದೆ. ಸ್ವದೇಶದ ಗಿಡವೆಂದ ಮಾತ್ರಕ್ಕೆ ಎಲ್ಲ ನೆಲಕ್ಕೂ ಅದೇ ಒಗ್ಗುವುದೆಂಬ ನಮ್ಮ ಹುರುಪಿಗೆ ಮಾನ್ವಿಯ ಕೆಸರು ತಕ್ಕ ಉತ್ತರವನ್ನೇ ಕೊಟ್ಟಿತು.

ಸಸಿಗಳನ್ನು ಎಲ್ಲಿಂದ ತರುವುದು? ಗುಡ್ಡಕ್ಕೆ ಹೋಗಿ ಗುದ್ದಲಿಯಿಂದ ಎಬ್ಬಿಸಿ ತರುವುದೇ ಸುಲಭವೆಂದು ತೋರುತ್ತದೆ. ಅದು ಸುಲಭವೂ ಅಲ್ಲ, ಯೋಗ್ಯವೂ ಅಲ್ಲ. ಗಟ್ಟಿ ಬೇರುಬುಡ ಗರಸಿನೊಳಗೆ ಆಳಕ್ಕೆ ಇಳಿದಿರುವುದರಿಂದ ಕೀಳುವಾಗ ಮುರಿಯುತ್ತದೆ. ಹತ್ತು ಕಿತ್ತರೆ ಬದುಕುವುದು ಒಂದೋ ಎರಡೋ. ಮೇಲಾಗಿ ಮದ್ದಿಗೆಂದು ಈ ಗಿಡವನ್ನು ಬೇರುಸಹಿತ ಕಿತ್ತು ಒಣಗಿಸಿ ಮಾರುವ ವಾಡಿಕೆ ಮೊದಲಿನಿಂದಲೂ ಇದೆ. ಮರಡಿಗಳು ಕಲ್ಲುಗಣಿಗಳಾಗುತ್ತಿವೆ, ನಿವೇಶನಗಳಾಗುತ್ತಿವೆ. ಹೊಲದ ಬದುಗಳಿಗೆ ಕಳೆನಾಶಕ ಬೀಳುತ್ತಿದೆ. ಇಂತಹ ಸಮಯದಲ್ಲಿ ಅಂಗಳವನ್ನು ಸಿಂಗರಿಸಲು ಗುಡ್ಡವನ್ನು ಬೋಳಿಸುವ ತೋಟಗಾರಿಕೆಗೂ ಕೊಳ್ಳೆಗೂ ಅಂತರವಿಲ್ಲ.

ಬೀಜದಿಂದ ಬೆಳೆಸುವುದೇ ಸರಿಯಾದ ದಾರಿ. ಹೂ ಬಿದ್ದ ಮೇಲೆ ಮೆಣಸಿನ ಕಾಳಿಗಿಂತ ಸಣ್ಣದಾದ ದುಂಡು ಸಂಪುಟ ಬಲಿಯುತ್ತದೆ. ಒಣಗಿ ಕಂದಾದಾಗ ನಾಲ್ಕು ಹೋಳಾಗಿ ಒಡೆಯುತ್ತದೆ. ಒಳಗೆ ಸಾಮಾನ್ಯವಾಗಿ ನಾಲ್ಕು ಬೀಜ. ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತಿಗೆ ಹಲವು ಗಿಡಗಳಿಂದ ಸ್ವಲ್ಪ ಸ್ವಲ್ಪವಾಗಿ ಆರಿಸಿ, ಮುಕ್ಕಾಲು ಪಾಲನ್ನು ಅಲ್ಲಿಯೇ ಬಿಟ್ಟುಬರಬೇಕು. ಬಿತ್ತಿದವರಲ್ಲಿ ಅನೇಕರು ಮೊಳಕೆ ಬಾರದೆ ನಿರಾಶರಾಗುತ್ತಾರೆ. ಕಾರಣ ಸರಳ: ಈ ಕುಟುಂಬದ ಬಹಳ ಗಿಡಗಳಂತೆ ಇದರ ಬೀಜದ ಸಿಪ್ಪೆಯೂ ನೀರನ್ನು ಒಳಗೆ ಬಿಡುವುದಿಲ್ಲ. ನಿಸರ್ಗದಲ್ಲಿ ಬೇಸಗೆಯ ಕಾವು ಆ ಬೀಗವನ್ನು ಮೆಲ್ಲಗೆ ಸಡಿಲಿಸುತ್ತದೆ. ಎಲ್ಲ ಬೀಜಗಳೂ ಒಂದೇ ಮಳೆಗೆ ಮೊಳೆತು, ಮುಂದಿನ ಮಳೆ ಕೈಕೊಟ್ಟಾಗ ಒಟ್ಟಿಗೆ ಸಾಯದಿರಲೆಂಬ ಏರ್ಪಾಡು ಅದು. ನಾವು ಅಷ್ಟು ಕಾಯಲಾರೆವಾದ್ದರಿಂದ ಬೀಜಗಳನ್ನು ಒರಟು ಮರಳಿನೊಡನೆ ಎರಡು ಹಲಗೆಗಳ ನಡುವೆ ಹಗುರವಾಗಿ ತಿಕ್ಕಿ, ಒಂದು ರಾತ್ರಿ ನೆನೆಯಿಟ್ಟು, ಉಬ್ಬಿದವನ್ನು ಮಾತ್ರ ಬಿತ್ತಬೇಕು. ತಿಕ್ಕಿದವು, ತಿಕ್ಕದವು ಎಂದು ಎರಡು ಕುಂಡಗಳಲ್ಲಿ ಬೇರೆಬೇರೆಯಾಗಿ ಬಿತ್ತಿ ದಿನದಿನವೂ ಎಣಿಸಿ ಬರೆದಿಟ್ಟರೆ ಪದವಿ ತರಗತಿಯ ಪ್ರಯೋಗಕ್ಕೆ ಅದಕ್ಕಿಂತ ಅಗ್ಗದ ವಸ್ತು ಸಿಕ್ಕಲಾರದು.

ಔಷಧದ ಪ್ರಸ್ತಾಪ ಬಂದುದರಿಂದ ಒಂದು ಮಾತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಹೆಸರಾದ ಶಂಖಪುಷ್ಪಿಯೆಂದರೆ ಇದೇ ಎಂದು ಪರೀಕ್ಷೆಯ ಕಾಲದಲ್ಲಿ ಕೆಲವು ವಿದ್ಯಾರ್ಥಿಗಳು ಎಲೆಯನ್ನು ಅಗಿಯುವುದನ್ನು ಕಂಡಿದ್ದೇವೆ. ಆ ಹೆಸರು ಬೇರೆಬೇರೆ ಪ್ರಾಂತಗಳಲ್ಲಿ ಕನಿಷ್ಠ ಮೂರು ಗಿಡಗಳಿಗೆ ಸಲ್ಲುತ್ತದೆ. ಬೇಲಿಯ ಮೇಲೆ ಹಬ್ಬುವ ಶಂಖಪುಷ್ಪದ ಬಳ್ಳಿಯೂ ಅವುಗಳಲ್ಲೊಂದು. ಯಾವುದೆಂದು ತಿಳಿಯದ ಗಿಡವನ್ನು ತಿಂದು ಗಣಿತದಲ್ಲಿ ತೇರ್ಗಡೆಯಾಗುವ ಯತ್ನವನ್ನು ನಾವು ಪ್ರೋತ್ಸಾಹಿಸಲಾರೆವು.

ಗುರುತಿಸುವುದಕ್ಕಾದರೋ ಒಂದು ಕೈಮಸೂರ ಸಾಕು. ಬೆಳಗ್ಗೆ ಒಂಬತ್ತು ಗಂಟೆಯ ಸುಮಾರಿಗೆ, ಸಣ್ಣ ಜೇನುಗಳು ಬಂದುಹೋಗುತ್ತಿರುವ ಹೊತ್ತಿನಲ್ಲಿ, ಅರಳಿದ ಒಂದು ಹೂವನ್ನು ತೆಗೆದುಕೊಂಡು ಅಂಡಾಶಯದ ಮೇಲಿನ ಶಲಾಕೆಗಳನ್ನು ನೋಡಬೇಕು. ಕನ್ವಾಲ್ವುಲಸ್ ಜಾತಿಯ ಗಿಡವಾದರೆ ಶಲಾಕೆ ಒಂದೇ. ಇವಾಲ್ವುಲಸ್ ಆದರೆ ಎರಡು, ಅವೆರಡೂ ಮತ್ತೆ ಕವಲೊಡೆದು ನಾಲ್ಕು ಬಿಳಿಯ ಎಳೆಗಳಾಗಿ ಕಾಣುತ್ತವೆ. ಆಮೇಲೆ ಹೂವಿನ ಅಗಲವನ್ನು ಅಳೆಯಬೇಕು, ಗಿಣ್ಣಿನಲ್ಲಿ ಬೇರಿದೆಯೇ ಎಂದು ಕಡ್ಡಿಯನ್ನು ಎತ್ತಿ ನೋಡಬೇಕು. ಇಷ್ಟನ್ನು ಮುಗಿಸಲು ಐದು ನಿಮಿಷ ಸಾಕು; ಮಧ್ಯಾಹ್ನಕ್ಕೆ ಮುಂದೂಡಿದರೆ ಹೂ ಮುಚ್ಚಿರುತ್ತದೆ.